ಗಿರಾಕಿಯ ಕಿವಿಗೆ ಬಿದ್ದ ಹೆಸರು ಬೆರಳಿಗೂ ಬರಬೇಕು

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಳ್ಳಿಯವಳು. ಹನ್ನೆರಡು ವರ್ಷಗಳಿಂದ ಮನೆಯಲ್ಲೇ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಾರಿನ ಪುಡಿ ಮಾಡಿ ಮಾರುತ್ತಿದ್ದೇನೆ. ನಮ್ಮ ಮನೆಗೆ ಊರಿನಲ್ಲಿ ಕೆಳಮನೆ ಎನ್ನುತ್ತಾರೆ. ಹಳೆಯ ಗಿರಾಕಿಗಳು ಫೋನ್ ಮಾಡಿ ‘ಕೆಳಮನೆ ಉಪ್ಪಿನಕಾಯಿ ಈ ಸಲ ಇದೆಯೇ’ ಎಂದೇ ಕೇಳುತ್ತಾರೆ. ಈಗ ಮಗ ಜಾಲತಾಣ ಮಾಡೋಣ ಎನ್ನುತ್ತಿದ್ದಾನೆ. ‘ಮಲೆನಾಡು ಉಪ್ಪಿನಕಾಯಿ’, ‘ಅಪ್ಪೆಮಿಡಿ’, ‘ಸಾಗರ ರುಚಿ’ ಎಂಬ ಮೂರು ಹೆಸರು ಯೋಚಿಸಿದ್ದೇವೆ. ಯಾವುದು ಒಳ್ಳೆಯದು? ಡಾಟ್ ಕಾಂ ಬೇಕೇ, ಡಾಟ್ ಇನ್ ಸಾಕೇ? ಕನ್ನಡ ಅಕ್ಷರದಲ್ಲೇ ವಿಳಾಸ ಸಿಗುತ್ತದೆಯಂತೆ, ನಿಜವೇ? ಮಗನ ಸ್ನೇಹಿತನೊಬ್ಬ ಎಲ್ಲವನ್ನೂ ತಾನೇ ನೋಂದಾಯಿಸಿ ಕೊಡುತ್ತೇನೆ ಎಂದಿದ್ದಾನೆ.

ಉತ್ತರ: ನೀವು ಕೇಳಿರುವುದು ಮೂರು ಹೆಸರುಗಳ ಬಗ್ಗೆ. ಆದರೆ ನಾಲ್ಕನೆಯದೊಂದನ್ನು ಕೇಳದೆಯೇ ಪತ್ರದ ನಡುವೆ ಬರೆದಿದ್ದೀರಿ. ನನ್ನ ಮನಸ್ಸು ನಿಂತಿರುವುದು ಅದರ ಮೇಲೆ. ಯಾಕೆಂದು ಹೇಳುವ ಮೊದಲು ಉಳಿದ ಮೂರನ್ನು ಒಂದೊಂದಾಗಿ ನೋಡೋಣ. ಅವುಗಳಲ್ಲಿರುವ ತೊಡಕು ಕನ್ನಡದಲ್ಲಿ ಹೆಸರಿಡುವ ಎಲ್ಲರಿಗೂ ಎದುರಾಗುವಂಥದ್ದು.

ಹೆಸರು ಹುಡುಕುವವರು ಸಾಮಾನ್ಯವಾಗಿ ಕಂಪ್ಯೂಟರಿನ ಮುಂದೆ ಕುಳಿತು ಹುಡುಕುತ್ತಾರೆ. ಪರದೆಯ ಮೇಲೆ ಬರೆದ ಹೆಸರು ಚೆನ್ನಾಗಿಯೇ ಕಾಣುತ್ತದೆ. ಆದರೆ ನಿಮ್ಮ ವ್ಯಾಪಾರ ಬೆಳೆದಿರುವುದು ಬಾಯಿಮಾತಿನಲ್ಲಿ. ಮದುವೆಮನೆಯ ಪಂಕ್ತಿಯಲ್ಲಿ ಒಬ್ಬರು ಎಲೆಯ ತುದಿಯ ಮಿಡಿಯನ್ನು ಕಚ್ಚಿ ‘ಇದನ್ನು ಎಲ್ಲಿಂದ ತರಿಸಿದಿರಿ’ ಎಂದು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ಕೇಳಿದವರು ಬೆಂಗಳೂರಿಗೋ ದುಬೈಗೋ ಮರಳಿದ ಮೇಲೆ ನೆನಪಿನಿಂದ ಆ ಹೆಸರನ್ನು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾರೆ. ಕಿವಿಯಿಂದ ಬೆರಳಿಗೆ ಇಳಿಯುವ ಆ ದಾರಿಯಲ್ಲೇ ಕನ್ನಡದ ಹೆಸರುಗಳು ಎಡವುವುದು.

ಕನ್ನಡ ಲಿಪಿಯಲ್ಲಿ ಈ ಗೊಂದಲವಿಲ್ಲ, ಹೇಳಿದಂತೆ ಬರೆಯುತ್ತೇವೆ. ಅದೇ ಪದವನ್ನು ರೋಮನ್ ಅಕ್ಷರಕ್ಕೆ ಇಳಿಸುವಾಗ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ದೀರ್ಘಕ್ಕೆ ಒಬ್ಬರು ಒಂದು ‘ಎ’ ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ಗೀತಾ ಎಂಬ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ‘ಟಿ’ಯ ಜೊತೆಗೆ ‘ಎಚ್’ ಸೇರಿಸಿ ಬರೆಯುತ್ತೇವೆ, ಉತ್ತರದವರು ‘ಎಚ್’ ಬಿಡುತ್ತಾರೆ. ‘ಶ’ ಮತ್ತು ‘ಸ’, ‘ವಿ’ ಮತ್ತು ‘ಡಬ್ಲ್ಯು’, ಒತ್ತಕ್ಷರಕ್ಕೆ ಒಂದು ಅಕ್ಷರವೋ ಎರಡೋ, ಎಲ್ಲದರಲ್ಲೂ ಹೀಗೆಯೇ. ಇವುಗಳಲ್ಲಿ ತಪ್ಪು ಯಾವುದೂ ಇಲ್ಲ. ಆದರೆ ಡೊಮೈನ್, ಅಂದರೆ ಜಾಲತಾಣದ ವಿಳಾಸದ ಹೆಸರು, ಎಂಬ ವ್ಯವಸ್ಥೆಗೆ ಒಂದು ಅಕ್ಷರ ಆಚೀಚೆ ಆದರೂ ಅದು ಬೇರೆಯದೇ ವಿಳಾಸ.

ಈಗ ‘ಮಲೆನಾಡು ಉಪ್ಪಿನಕಾಯಿ’ಯನ್ನು ಹತ್ತಿರದಿಂದ ನೋಡಿ. ಮಲೆನಾಡನ್ನು ಹೇಳಿದಂತೆಯೇ ಬರೆಯುವವರಿದ್ದಾರೆ, ‘ನಾ’ಗೆ ಎರಡು ‘ಎ’ ಹಾಕುವವರಿದ್ದಾರೆ, ಇಂಗ್ಲಿಷ್ ಪತ್ರಿಕೆಗಳ ರೂಢಿಯಂತೆ ‘ಮಲ್ನಾಡ್’ ಎಂದು ಬರೆಯುವವರಿದ್ದಾರೆ, ‘ಮಲ್ನಾಡು’ ಎನ್ನುವವರೂ ಇದ್ದಾರೆ. ಉಪ್ಪಿನಕಾಯಿಗೆ ನಾನು ಐದು ಕಾಗುಣಿತಗಳನ್ನು ಕಂಡಿದ್ದೇನೆ: ಉಪ್ಪಿನಕಾಯಿ, ದೀರ್ಘಕ್ಕೆ ಎರಡು ‘ಎ’ ಇರುವ ಉಪ್ಪಿನಕಾಯಿ, ಉಪ್ಪಿನಕೈ, ಉಪ್ಪಿನ್‌ಕೈ, ಉಪ್ಪಿನಕಾಯ್. ನಾಲ್ಕೈದಲಿ ಇಪ್ಪತ್ತು ರೂಪಗಳಾದವು. ನೀವು ಕೊಳ್ಳುವುದು ಅವುಗಳಲ್ಲಿ ಒಂದನ್ನು.

ಇನ್ನೂ ಒಂದು ತೊಡಕಿದೆ. ಡೊಮೈನ್ ಹೆಸರಿನಲ್ಲಿ ಪದಗಳ ನಡುವೆ ಜಾಗ ಬಿಡುವಂತಿಲ್ಲ. ಎರಡು ಪದಗಳನ್ನು ಅಂಟಿಸಿದರೆ ‘ಮಲೆನಾಡು’ವಿನ ಕೊನೆಯ ‘ಯು’, ‘ಉಪ್ಪಿನಕಾಯಿ’ಯ ಮೊದಲ ‘ಯು’ ಒಟ್ಟಿಗೆ ಬಂದು ನಿಲ್ಲುತ್ತವೆ. ಶಾಲೆಯಲ್ಲಿ ಕಲಿತ ಲೋಪಸಂಧಿಯನ್ನು ನೆನಪಿಸಿಕೊಳ್ಳಿ: ನಾವು ಮಾತನಾಡುವಾಗ ಒಂದು ‘ಉ’ಕಾರವನ್ನು ನುಂಗಿಯೇ ‘ಮಲೆನಾಡುಪ್ಪಿನಕಾಯಿ’ ಎನ್ನುತ್ತೇವೆ. ಬಾಯಿ ನುಂಗಿದ ಅಕ್ಷರವನ್ನು ಬೆರಳು ಒತ್ತುವುದಿಲ್ಲ. ಹದಿನೆಂಟು ಅಕ್ಷರಗಳ ಹೆಸರಿನಲ್ಲಿ ನಡುವಿನ ಒಂದು ‘ಯು’ ಬಿಟ್ಟು ಹೋದರೆ ಗಿರಾಕಿ ಇನ್ಯಾರದೋ ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ. ಆದ್ದರಿಂದ ಕನ್ನಡದ ಎರಡು ಪದಗಳನ್ನು ಜೋಡಿಸುವಾಗ ಮೊದಲನೆಯದರ ಕೊನೆಯ ಸ್ವರ, ಎರಡನೆಯದರ ಮೊದಲ ಸ್ವರ ಸಂಧಿಯಾಗುತ್ತವೆಯೇ ಎಂದು ನೋಡಲೇಬೇಕು. ಇಂಗ್ಲಿಷಿನಲ್ಲಿ ಬರೆದ ಸಲಹೆಗಳಲ್ಲಿ ಈ ಮಾತು ಸಿಗುವುದಿಲ್ಲ.

ನಡುವೆ ಅಡ್ಡಗೆರೆ ಹಾಕಿದರೆ ಆಗದೇ ಎಂದು ಮಗ ಕೇಳಬಹುದು. ನಿಯಮದ ಪ್ರಕಾರ ಹಾಕಬಹುದು. ಅಕ್ಷರ, ಅಂಕಿ ಮತ್ತು ಅಡ್ಡಗೆರೆ, ಈ ಮೂರಕ್ಕೂ ಅನುಮತಿ ಇದೆ, ಮೊದಲಲ್ಲೂ ಕೊನೆಯಲ್ಲೂ ಮಾತ್ರ ಅಡ್ಡಗೆರೆ ಬರುವಂತಿಲ್ಲ. ಒಂದು ಹೆಸರು 63 ಅಕ್ಷರಗಳವರೆಗೆ ಇರಬಹುದು. ಆದರೆ ಫೋನಿನಲ್ಲಿ ಅದನ್ನು ಹೇಗೆ ಹೇಳುತ್ತೀರಿ? ಒಬ್ಬರಿಗೆ ಅದು ಹೈಫನ್, ಇನ್ನೊಬ್ಬರಿಗೆ ಡ್ಯಾಶ್, ಮತ್ತೊಬ್ಬರು ಕೆಳಗೆರೆ ಹಾಕಿಬಿಡುತ್ತಾರೆ. ಅಂಕಿಗಳದ್ದೂ ಇದೇ ಕಥೆ. ಎರಡನ್ನೂ ಬಿಟ್ಟುಬಿಡಿ.

‘ಅಪ್ಪೆಮಿಡಿ’ ಹೆಸರು ಕೇಳಿದೊಡನೆ ಬಾಯಲ್ಲಿ ನೀರೂರುತ್ತದೆ, ನಿಜ. ಆದರೆ ಅಪ್ಪೆಮಿಡಿ ಮಾವಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅಂದರೆ ಹೊಳೆದಂಡೆಯ ಆ ಮರಗಳ ಹೆಸರು ಅದನ್ನು ಬೆಳೆಯುವ ಸೀಮೆಗೇ ಸೇರಿದ್ದು, ಒಬ್ಬರ ಅಂಗಡಿಯ ಹೆಸರಾಗಿ ಕಾಯ್ದುಕೊಳ್ಳಲು ಬರುವುದಿಲ್ಲ. ನಿಮ್ಮ ಪಕ್ಕದ ಊರಿನವರು ನಾಳೆ ಅದೇ ಪದಕ್ಕೆ ಇನ್ನೊಂದು ಪದ ಸೇರಿಸಿ ಜಾಲತಾಣ ತೆರೆದರೆ ನೀವು ಏನೂ ಹೇಳುವಂತಿಲ್ಲ, ಹೇಳಲೂಬಾರದು. ಇದಲ್ಲದೆ ನೀವು ಹಪ್ಪಳವನ್ನೂ ಸಾರಿನ ಪುಡಿಯನ್ನೂ ಮಾರುತ್ತೀರಿ. ಮಿಡಿ ಸರಿಯಾಗಿ ಬಾರದ ವರ್ಷ ಅವೇ ಅಲ್ಲವೇ ನಿಮ್ಮ ಕೈ ಹಿಡಿಯುವುದು? ಒಂದೇ ಪದಾರ್ಥದ ಹೆಸರಿಟ್ಟುಕೊಂಡ ತಾಣದಲ್ಲಿ ಉಳಿದವು ನೆಂಟರ ಮನೆಯಲ್ಲಿರುವಂತೆ ಇರಬೇಕಾಗುತ್ತದೆ.

‘ಸಾಗರ ರುಚಿ’ಯಲ್ಲಿ ರುಚಿ ಸರಿಯಾಗಿದೆ, ತೊಡಕು ಸಾಗರದ್ದು. ಕೊನೆಗೆ ‘ಎ’ ಹಾಕುವವರೆಷ್ಟೋ ಬಿಡುವವರೂ ಅಷ್ಟೇ. ಮಧ್ಯಪ್ರದೇಶದಲ್ಲಿ ಇದೇ ಹೆಸರಿನ ದೊಡ್ಡ ನಗರವಿದೆ. ಬೆಂಗಳೂರಿನಲ್ಲಿ ‘ಸಾಗರ್’ ಎಂಬ ಹೆಸರು ಹೊತ್ತ ಹೋಟೆಲುಗಳಿಗೆ ಲೆಕ್ಕವಿಲ್ಲ. ಊರಿನ ಹೆಸರಿನ ಇನ್ನೊಂದು ಅಪಾಯವನ್ನು ನಾವು ಕಣ್ಣಾರೆ ಕಂಡಿದ್ದೇವೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಯಿತು. ಬ್ಯಾಂಗಲೋರ್ ಬೆಂಗಳೂರು ಆಯಿತು, ಹುಬ್ಳಿ ಹುಬ್ಬಳ್ಳಿ ಆಯಿತು, ನಿಮ್ಮ ಜಿಲ್ಲೆಯ ಶಿಮೊಗ ಶಿವಮೊಗ್ಗ ಆಯಿತು. ಕನ್ನಡಿಗರಾಗಿ ನಾವೆಲ್ಲ ಸಂತೋಷಪಟ್ಟ ದಿನ ಅದು, ಆ ಸಂತೋಷ ನನಗೆ ಇಂದಿಗೂ ಇದೆ. ಆದರೆ ಹಳೆಯ ಕಾಗುಣಿತದಲ್ಲಿ ಡೊಮೈನ್ ಪಡೆದು, ಬೋರ್ಡು, ಚೀಲ, ಬಿಲ್ ಪುಸ್ತಕ ಮಾಡಿಸಿಕೊಂಡಿದ್ದ ಸಣ್ಣ ವ್ಯಾಪಾರಿಗಳು ಎರಡೂ ಕಾಗುಣಿತಗಳನ್ನು ಹಣ ಕೊಟ್ಟು ಇಟ್ಟುಕೊಳ್ಳಬೇಕಾಯಿತು.

ಇನ್ನು ‘ಕೆಳಮನೆ’. ಕೆ, ಇ, ಎಲ್, ಎ, ಎಂ, ಎ, ಎನ್, ಇ: ಎಂಟೇ ಅಕ್ಷರ. ದೀರ್ಘಸ್ವರವಿಲ್ಲ, ಒತ್ತಕ್ಷರವಿಲ್ಲ, ‘ತ’ವೂ ಇಲ್ಲ ‘ಶ’ವೂ ಇಲ್ಲ. ‘ಳ’ಕಾರ ಒಂದಿದೆ, ಆದರೆ ಅದಕ್ಕೂ ‘ಲ’ಕಾರಕ್ಕೂ ನಾವು ಬಳಸುವುದು ಒಂದೇ ‘ಎಲ್’. ‘ಮನೆ’ಯನ್ನು ಹೇಗೆ ಬರೆಯಬೇಕೆಂಬುದು ಹೊಸಮನೆ, ಹಳೆಮನೆ ಎಂಬ ವಿಳಾಸಗಳಿಂದ ಎಲ್ಲರಿಗೂ ರೂಢಿಯಾಗಿದೆ. ಕನ್ನಡ ಬಾರದವರು ಅದನ್ನು ‘ಮೇನ್’ ಎಂದು ಓದಿಯಾರು. ಅವರು ಹೇಗೆ ಓದಿದರೂ ಅಕ್ಷರ ಬದಲಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಇದು ನಿಮ್ಮ ಗಿರಾಕಿಗಳೇ ಹನ್ನೆರಡು ವರ್ಷದಿಂದ ಕರೆಯುತ್ತಾ ಬಂದಿರುವ ಹೆಸರು. ಹೊಸ ಹೆಸರೊಂದನ್ನು ಜನರ ಬಾಯಲ್ಲಿ ಕೂರಿಸಲು ದೊಡ್ಡ ಕಂಪನಿಗಳು ಎಷ್ಟೆಲ್ಲ ಖರ್ಚು ಮಾಡುತ್ತವೆ! ನಿಮಗೆ ಅದು ಮಿಡಿಯ ರುಚಿಯಿಂದಲೇ ಬಂದಿದೆ. ಅದನ್ನು ಬಿಟ್ಟು ‘ಮಲೆನಾಡು’ ಎಂಬ ಎಲ್ಲರ ಹೆಸರಿಗೆ ಹೋಗಬೇಡಿ.

ನನ್ನ ಮಾತನ್ನೇ ನಂಬಬೇಕಿಲ್ಲ, ನೀವೇ ಪರೀಕ್ಷಿಸಿ. ನಾಲ್ಕು ಹೆಸರುಗಳನ್ನೂ ಕಾಗದದ ಮೇಲೆ ಬರೆದಿಟ್ಟುಕೊಂಡು ಐವರಿಗೆ ಫೋನ್ ಮಾಡಿ: ಬೆಂಗಳೂರಿನ ನೆಂಟರು, ಕಾಲೇಜಿಗೆ ಹೋಗುವ ಹುಡುಗಿ, ವಯಸ್ಸಾದ ಮೇಷ್ಟ್ರು, ಕನ್ನಡ ಮಾತನಾಡಿದರೂ ಓದಲು ಬಾರದ ಒಬ್ಬರು, ಹಳೆಯ ಗಿರಾಕಿ ಒಬ್ಬರು. ಹೆಸರನ್ನು ಒಮ್ಮೆ ಮಾತ್ರ ಹೇಳಿ, ಅಕ್ಷರ ಬಿಡಿಸಿ ಹೇಳಬೇಡಿ, ಇಂಗ್ಲಿಷಿನಲ್ಲಿ ಬರೆದು ವಾಟ್ಸ್‌ಆ್ಯಪ್ ಮಾಡಲು ಹೇಳಿ. ಐವರದೂ ಒಂದೇ ಆಗಿ ಬಂದ ಹೆಸರು ಗೆದ್ದಂತೆ. ನಾಲ್ವರದು ಒಂದು, ಒಬ್ಬರದು ಇನ್ನೊಂದು ಆದರೆ ಆ ಎರಡನೆಯ ಕಾಗುಣಿತವನ್ನೂ ಕೊಂಡು ಮೊದಲನೆಯದಕ್ಕೆ ತಿರುಗಿಸಿಬಿಡಿ. ‘ಕೆಳಮನೆ’ಯಲ್ಲಿ ನಡುವಿನ ‘ಎ’ ಬಿಟ್ಟು ‘ಕೆಲ್ಮನೆ’ ಎಂದು ಬರೆಯುವವರು ಸಿಕ್ಕಿದರೆ ಹೀಗೆ ಮಾಡಬಹುದು. ಐದು ಜನ ಐದು ಬಗೆಯಾಗಿ ಬರೆದ ಹೆಸರನ್ನು ಮಾತ್ರ ಎಷ್ಟೇ ಇಷ್ಟವಾಗಿದ್ದರೂ ಕೈಬಿಡಿ.

‘ಉಪ್ಪಿನಕಾಯಿ’ ಎಂಬ ಪದ ವಿಳಾಸದಲ್ಲೇ ಇದ್ದರೆ ಗೂಗಲ್ ಮೇಲೆ ತೋರಿಸುತ್ತದೆ ಎಂಬ ನಂಬಿಕೆ ಇನ್ನೂ ಉಳಿದಿದೆ. ಒಂದು ಕಾಲದಲ್ಲಿ ಅದರಲ್ಲಿ ಸ್ವಲ್ಪ ನಿಜವಿತ್ತು. ಹಾಗೆ ಹೆಸರಿನ ಬಲದಿಂದಲೇ ಮೇಲೇರುತ್ತಿದ್ದ ಟೊಳ್ಳು ತಾಣಗಳನ್ನು ಕೆಳಗಿಳಿಸಲು ಗೂಗಲ್ 2012ರ ಸೆಪ್ಟೆಂಬರಿನಲ್ಲಿ ತನ್ನ ಲೆಕ್ಕಾಚಾರವನ್ನೇ ಬದಲಿಸಿತು. ಉಪ್ಪಿನಕಾಯಿಯ ವಿಷಯವನ್ನು ತಾಣದ ಒಳಗೆ, ಕನ್ನಡದಲ್ಲಿ, ಮನಸ್ಸಿಟ್ಟು ಬರೆಯಿರಿ. ಜೀರಿಗೆ ಅಪ್ಪೆ ಎಂದರೇನು, ಮಿಡಿಯನ್ನು ಉಪ್ಪಿನಲ್ಲಿ ಎಷ್ಟು ದಿನ ಇಡುತ್ತೀರಿ, ಸೊನೆ ಯಾಕೆ ಮುಖ್ಯ ಎಂದು ನಿಮ್ಮ ಮಾತಿನಲ್ಲೇ ಹೇಳಿ. ಹುಡುಕುವವರು ಸಿಗುವುದು ಅಲ್ಲಿ.

ವಿಳಾಸದ ಕೊನೆಗೆ ಬರುವ ಬಾಲದ ವಿಷಯಕ್ಕೆ ಬರೋಣ. 1985ರಿಂದ ಬಳಕೆಯಲ್ಲಿರುವ ಡಾಟ್ ಕಾಂ ಜನರ ನಾಲಿಗೆಗೆ ಎಷ್ಟು ಹತ್ತಿದೆಯೆಂದರೆ ಬೇರೇನೇ ಹೇಳಿದರೂ ಕೆಲವರು ಅದನ್ನೇ ಒತ್ತುತ್ತಾರೆ. ಡಾಟ್ ಇನ್ ನಮ್ಮ ದೇಶದ್ದು. ಅದನ್ನು ನೋಡಿಕೊಳ್ಳುವುದು ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ. 2005ರಲ್ಲಿ ನಿಯಮ ಸಡಿಲಿಸಿದ ಮೇಲೆ ಅದು ಸುಲಭವಾಗಿ ಸಿಗುತ್ತಿದೆ. ನಿಮ್ಮ ವ್ಯಾಪಾರ ಭಾರತದೊಳಗೇ ಹೆಚ್ಚಾದ್ದರಿಂದ ಡಾಟ್ ಇನ್ ಯಾವ ರೀತಿಯಲ್ಲೂ ಕಡಿಮೆಯಲ್ಲ. ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಜನ ಈಗ ವಿಳಾಸದ ಕೊನೆಯನ್ನೂ ನೋಡಿ ನಂಬುವ ಕಾಲ. ಎರಡೂ ಸಿಕ್ಕಿದರೆ ಎರಡನ್ನೂ ತೆಗೆದುಕೊಳ್ಳಿ. ಒಂದೊಂದಕ್ಕೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು, ಮೇಲೆ ಜಿಎಸ್‌ಟಿ. ಡಾಟ್ ಕಾಂ ಬೇರೆಯವರ ಬಳಿ ಇದ್ದರೆ ಅಲ್ಲಿ ಏನಿದೆ ಎಂದು ನೋಡಿ. ಅದೂ ಉಪ್ಪಿನಕಾಯಿ ಅಂಗಡಿಯೇ ಆಗಿದ್ದರೆ ಆ ಹೆಸರನ್ನು ಬಿಡಿ. ಬರಿದಾಗಿ ಮಾರಾಟಕ್ಕಿಟ್ಟಿದ್ದು ಲಕ್ಷಗಟ್ಟಲೆ ಕೇಳುತ್ತಿದ್ದರೆ ಡಾಟ್ ಇನ್ ತೆಗೆದುಕೊಂಡು ನೆಮ್ಮದಿಯಾಗಿರಿ. ಮೊದಲ ವರ್ಷ ನೂರು ರೂಪಾಯಿಗೆ ಸಿಗುವ ಹೊಸ ಹೊಸ ಬಾಲಗಳೂ ಇವೆ. ಅವುಗಳ ಎರಡನೆಯ ವರ್ಷದ ದರವನ್ನು ಓದಿದ ಮೇಲೆ ಆಸೆ ತಾನಾಗಿಯೇ ಇಳಿಯುತ್ತದೆ.

ಕನ್ನಡ ಅಕ್ಷರದ ವಿಳಾಸ: ಹೌದು, ಸಿಗುತ್ತದೆ. ‘ಡಾಟ್ ಭಾರತ’ ಎಂಬ ಬಾಲ ಕನ್ನಡ ಲಿಪಿಯಲ್ಲೇ ಇದೆ, ಅದರ ಹಿಂದೆ ‘ಕೆಳಮನೆ’ ಎಂದು ಕನ್ನಡದಲ್ಲೇ ಇರಬಹುದು. ಕಾಗುಣಿತದ ತಕರಾರೆಲ್ಲ ಅಲ್ಲಿಗೆ ಮುಗಿಯಿತು. ಇದು ಬಳಕೆಗೆ ಬರಬೇಕೆಂಬುದು ನನ್ನ ಬಹುದಿನದ ಆಸೆ. ಆದರೆ ಇಂದಿನ ಸ್ಥಿತಿಯಲ್ಲಿ ಅದೊಂದನ್ನೇ ನಂಬಿ ಕೂರಬೇಡಿ ಎಂದು ಹೇಳಲೇಬೇಕಾಗಿದೆ. ಜಾಲದ ಒಳವ್ಯವಸ್ಥೆಗೆ ಇಂದಿಗೂ ರೋಮನ್ ಅಕ್ಷರ, ಅಂಕಿಗಳಷ್ಟೇ ಅರ್ಥವಾಗುವುದು. ಕನ್ನಡದ ಹೆಸರನ್ನು ಒಳಗೊಳಗೇ ‘ಎಕ್ಸ್‌ಎನ್’ ಎಂದು ಶುರುವಾಗುವ ಅರ್ಥವಿಲ್ಲದ ಅಕ್ಷರಮಾಲೆಯಾಗಿ ಬದಲಿಸಿಕೊಳ್ಳಲಾಗುತ್ತದೆ. ವಿಳಾಸವನ್ನು ನಕಲು ಮಾಡಿ ಕಳುಹಿಸಿದಾಗ ಎಷ್ಟೋ ಕಡೆ ಆ ಮಾಲೆಯೇ ಕಾಣಿಸಿಕೊಂಡು, ಗಿರಾಕಿ ಇದು ಮೋಸದ ಕೊಂಡಿಯೇನೋ ಎಂದು ಹೆದರುತ್ತಾರೆ. ಕನ್ನಡದ ಇಮೇಲ್ ವಿಳಾಸವನ್ನು ಒಪ್ಪದ ಅರ್ಜಿಗಳು ಇನ್ನೂ ಬೇಕಾದಷ್ಟಿವೆ. ಕನ್ನಡ, ತೆಲುಗಿನ ಕೆಲವು ಅಕ್ಷರಗಳು ಕಣ್ಣಿಗೆ ಒಂದೇ ಥರ ಕಂಡರೂ ಕಂಪ್ಯೂಟರಿಗೆ ಬೇರೆ ಬೇರೆ ಎಂಬುದನ್ನೂ ನೆನಪಿಡಿ. ಆದ್ದರಿಂದ ಕನ್ನಡದ ವಿಳಾಸವನ್ನು ಖಂಡಿತ ಪಡೆದುಕೊಳ್ಳಿ, ಅದನ್ನು ಒತ್ತಿದವರು ರೋಮನ್ ವಿಳಾಸದ ತಾಣಕ್ಕೇ ಬಂದು ತಲುಪುವಂತೆ ಮಾಡಿ, ಶೀಶೆಯ ಚೀಟಿಯ ಮೇಲೆ ಎರಡನ್ನೂ ಅಚ್ಚು ಹಾಕಿಸಿ. ರಿಜಿಸ್ಟ್ರಾರ್‌ಗಳು, ಅಂದರೆ ಡೊಮೈನ್ ನೋಂದಾಯಿಸಿಕೊಡುವ ಕಂಪನಿಗಳು, ಎಲ್ಲರೂ ಅದನ್ನು ಮಾರುವುದಿಲ್ಲ, ಸ್ವಲ್ಪ ಹುಡುಕಬೇಕು.

ಹೆಸರು ಸಿಗುತ್ತಿದೆ ಎಂದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ ಎಂಬುದಕ್ಕೆ ನಮ್ಮ ರಾಜಧಾನಿಯಲ್ಲೇ ಶುರುವಾದ ಒಂದು ಮೊಕದ್ದಮೆ ಸಾಕ್ಷಿ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನಿಂದ ‘ಸಿಫಿ’ ಎಂಬ ಪದ ಕಟ್ಟಿಕೊಂಡು 1999ರಲ್ಲಿ ‘ಸಿಫಿನೆಟ್’ ಮುಂತಾದ ಡೊಮೈನ್‌ಗಳನ್ನು ಪಡೆದಿತ್ತು. ಆಮೇಲೆ ಇನ್ನೊಂದು ಸಂಸ್ಥೆ ಒಂದು ‘ಎಫ್’ ಹೆಚ್ಚಿಗೆ ಸೇರಿಸಿ ಅಂಥದೇ ಹೆಸರಿನಲ್ಲಿ ವ್ಯಾಪಾರ ಆರಂಭಿಸಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಡೆ ಕೊಟ್ಟಿತು, ಹೈಕೋರ್ಟ್ ಒಪ್ಪಲಿಲ್ಲ, ಕೊನೆಗೆ 2004ರಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರವಾಗಿ ತೀರ್ಪು ಕೊಟ್ಟಿತು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನ ಗುಣವಿದೆ, ಒಬ್ಬರ ಹೆಸರನ್ನು ತನ್ನದೆಂಬಂತೆ ತೋರಿಸಿ ವ್ಯಾಪಾರ ಮಾಡುವುದಕ್ಕೆ ಕಾನೂನಿನ ತಡೆ ಇಲ್ಲೂ ಇದೆ ಎಂದಿತು. ಒಂದು ಅಕ್ಷರ ಹೆಚ್ಚಿದ್ದರೂ ಕಿವಿಗೆ ಎರಡೂ ಒಂದೇ ಎಂಬುದು ಅಲ್ಲಿ ತೂಗಿತು. ಆದ್ದರಿಂದ ಹಣ ಕಟ್ಟುವ ಮೊದಲು ಸರ್ಕಾರದ ಟ್ರೇಡ್‌ಮಾರ್ಕ್ ಹುಡುಕಾಟದ ಪುಟದಲ್ಲಿ ಹೆಸರನ್ನು ಹಾಕಿ ನೋಡಿ. ಉಪ್ಪಿನಕಾಯಿ ಬರುವುದು 29ನೆಯ ವರ್ಗದಲ್ಲಿ, ಮಸಾಲೆ ಪುಡಿ 30ರಲ್ಲಿ. ಎರಡನ್ನೂ ನೋಡಿ, ಬರೆದ ರೂಪ ಬೇರೆಯಾಗಿದ್ದು ಉಚ್ಚಾರ ಒಂದೇ ಇರುವವನ್ನೂ ನೋಡಿ.

ಹೆಸರಿನ ಪೂರ್ವಾಶ್ರಮವನ್ನೂ ವಿಚಾರಿಸಿ. ಬೇರೆಯವರು ಬಿಟ್ಟ ಹೆಸರು ಮತ್ತೆ ಮಾರಾಟಕ್ಕೆ ಬಂದಿರಬಹುದು, ನಡುವೆ ಅದರಲ್ಲಿ ಜೂಜಿನ ತಾಣ ನಡೆದಿರಬಹುದು. ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮಷೀನ್‌ನಲ್ಲಿ ವಿಳಾಸ ಹಾಕಿದರೆ ಹಳೆಯ ಪುಟಗಳು ಕಾಣುತ್ತವೆ. ಎರಡು ನಿಮಿಷದ ಕೆಲಸ.

ಈಗ ನಿಮ್ಮ ಮಗನ ಸ್ನೇಹಿತನ ಮಾತು. ಹುಡುಗ ಒಳ್ಳೆಯವನೇ ಇರಬಹುದು, ಸಹಾಯ ಪಡೆಯಿರಿ. ಆದರೆ ಡೊಮೈನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿಗೆ, ನಿಮ್ಮ ಮೊಬೈಲ್ ಸಂಖ್ಯೆಗೆ ನೋಂದಣಿಯಾಗಲೇಬೇಕು. ಇದನ್ನು ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. ನನ್ನ ತಂಗಿ ಸೀರೆಯ ವ್ಯಾಪಾರ ಶುರುಮಾಡಿದಾಗ ತಾಣ ಮಾಡಿಕೊಟ್ಟವರು ಹೆಸರನ್ನು ತಮ್ಮ ಖಾತೆಯಲ್ಲೇ ಪಡೆದಿದ್ದರು. ನಾನೂ ಹಣ ಕಟ್ಟಿದ ರಸೀದಿ ನೋಡಿದೆನೇ ಹೊರತು ಯಾರ ಹೆಸರಿನಲ್ಲಿದೆ ಎಂದು ಕೇಳಲಿಲ್ಲ. ಮೂರನೆಯ ವರ್ಷ ಅವರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರು, ನವೀಕರಣದ ನೆನಪೋಲೆಗಳು ಅವರು ನೋಡದ ಇಮೇಲಿಗೆ ಹೋಗುತ್ತಿದ್ದವು. ಒಂದು ಬೆಳಿಗ್ಗೆ ತಂಗಿಯ ಗಿರಾಕಿಯೊಬ್ಬರು ಫೋನ್ ಮಾಡಿ ‘ನಿಮ್ಮ ತಾಣದಲ್ಲಿ ಏನೇನೋ ಬರುತ್ತಿದೆ’ ಎಂದರು. ತೆರೆದು ನೋಡಿದರೆ ಸೀರೆಗಳಿದ್ದ ಜಾಗದಲ್ಲಿ ಇಸ್ಪೀಟಿನ ಜಾಹೀರಾತು. ಅದೇ ವಿಳಾಸ ಅಚ್ಚಾಗಿದ್ದ ಚೀಲಗಳ ಎರಡು ಕಟ್ಟುಗಳು ಕೋಣೆಯಲ್ಲಿ ಹಾಗೇ ಉಳಿದವು. ಅವಳು ಒಂದು ಮಾತೂ ಆಡದೆ ಅವುಗಳ ಮೇಲಿನ ಹೆಸರಿಗೆ ಒಂದೊಂದಾಗಿ ಚೀಟಿ ಅಂಟಿಸುತ್ತಾ ಕುಳಿತದ್ದನ್ನು ನಾನು ಮರೆತಿಲ್ಲ.

ಹಾಗಾಗಿ ಖಾತೆಯನ್ನು ನೀವೇ ತೆರೆಯಿರಿ, ಆ ಹುಡುಗ ಪಕ್ಕದಲ್ಲಿ ಕುಳಿತು ತೋರಿಸಲಿ. ಒಟಿಪಿ ನಿಮ್ಮ ಮೊಬೈಲಿಗೆ ಬರಲಿ. ಡಾಟ್ ಕಾಂ ಪಡೆದ ಮೇಲೆ ಇಮೇಲ್ ಖಚಿತಪಡಿಸಲು ಒಂದು ಕೊಂಡಿ ಬರುತ್ತದೆ. 15 ದಿನಗಳೊಳಗೆ ಒತ್ತದಿದ್ದರೆ ವಿಳಾಸ ನಿಂತುಹೋಗಬಹುದು. ಡೊಮೈನನ್ನು ಒಂದು ಕಡೆ, ತಾಣವನ್ನು ಇಡುವ ಹೋಸ್ಟಿಂಗ್ ಜಾಗವನ್ನು ಇನ್ನೊಂದು ಕಡೆ ತೆಗೆದುಕೊಳ್ಳಬಹುದು, ಅವೆರಡೂ ಬೇರೆ ಬೇರೆ ವಸ್ತುಗಳು. ನಾಳೆ ರಿಜಿಸ್ಟ್ರಾರ್ ಸರಿಯಿಲ್ಲ ಎನ್ನಿಸಿದರೆ ಖಾತೆಯಲ್ಲಿ ಸಿಗುವ ಒಂದು ಗುಪ್ತ ಸಂಕೇತವನ್ನು ಪಡೆದು ಬೇರೆಡೆಗೆ ವರ್ಗಾಯಿಸಿಕೊಳ್ಳಬಹುದು. ಹೊಸದಾಗಿ ಪಡೆದ ಡಾಟ್ ಕಾಂಗೆ ಮೊದಲ 60 ದಿನ ಮಾತ್ರ ಅದಕ್ಕೆ ಅವಕಾಶವಿಲ್ಲ.

ಡೊಮೈನ್ ಎಂಬುದು ಗೇಣಿಯ ಹಾಗೆ. ಕಟ್ಟುತ್ತಿರುವಷ್ಟು ಕಾಲ ನಿಮ್ಮದು. ಡಾಟ್ ಕಾಂ ಅವಧಿ ಮುಗಿದರೆ ಸಾಮಾನ್ಯವಾಗಿ ಕೆಲವು ವಾರ ಮಾಮೂಲಿ ದರದಲ್ಲೇ ಉಳಿಸಿಕೊಳ್ಳಬಹುದು. ಅದನ್ನೂ ಮೀರಿದರೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಕಾಲ, ಆಮೇಲೆ 5 ದಿನ ಏನೂ ಮಾಡಲಾಗದ ಕಾಲ, ಅಲ್ಲಿಂದ ಮುಂದೆ ಯಾರು ಬೇಕಾದರೂ ಕೊಳ್ಳಬಹುದು. ಒಮ್ಮೆಗೆ 10 ವರ್ಷದವರೆಗೂ ಕಟ್ಟಬಹುದು. ನೀವು ಐದು ವರ್ಷಕ್ಕೆ ಕಟ್ಟಿ, ಸ್ವಯಂ ನವೀಕರಣವನ್ನೂ ಹಾಕಿಡಿ. ನೋಂದಣಿಯಾದ ತಾರೀಖಿಗೇ ನವೀಕರಣವೂ ಬರುತ್ತದೆ. ಆದ್ದರಿಂದ ಮಿಡಿ ಇಳಿಸುವ ಗಡಿಬಿಡಿಯ ತಿಂಗಳುಗಳಲ್ಲಿ ನೋಂದಾಯಿಸಬೇಡಿ, ದೀಪಾವಳಿಯ ಆಸುಪಾಸಿನಲ್ಲಿ ಮಾಡಿಸಿ. ಹಬ್ಬಕ್ಕೆ ಮನೆಗೆ ಬಂದ ಮಗ ಖಾತೆ ತೆರೆದು ಒಮ್ಮೆ ನೋಡಿ ಹೋಗಲಿ. ಶೀಶೆಯ ಚೀಟಿಯನ್ನು ಅಚ್ಚಿಗೆ ಕೊಡುವುದು ಹೆಸರು ನಿಮ್ಮ ಖಾತೆಯಲ್ಲಿ ಕಂಡ ಮೇಲೆಯೇ.